ಮುರುಗಲಿಗೆ ಹೊಂದಿದ್ದು ಪಾಚಿಗೆ ಹೊಂದಲಿಲ್ಲ: ಕುಮಟಾ ಕಡೆಯ ಒಂದು ಕಡಲ ಪಾಚಿ ಜೆಲ್ಲಿನ ಕಥೆ

ಜೂನ್ ಎರಡನೇ ವಾರ, ಮಳೆ ಹಿಡಿದು ನಾಲ್ಕು ದಿನ ಆಗಿತ್ತು. ಬೆಳಿಗ್ಗೆ ಏಳೂವರೆಗೆ ಚಿಕ್ಕಮ್ಮನ ಫೋನು. "ತಂಗಿ, ಒಂದ್ಸಲ ಬಂದು ಹೋಗು ಮಾರಾಯ್ತಿ. ಶಿರಸಿಯಿಂದ ಒಬ್ರು ಫೋನ್ ಮಾಡಿದ್ರು, ಅವ್ರ ಹುಡುಗಿಗೆ ನಮ್ಮ ಜೆಲ್ ಹಚ್ಚಿ ಕೆನ್ನೆ ಎಲ್ಲ ಕೆಂಪಾಗಿದ್ಯಂತೆ, ಡಾಕ್ಟ್ರ ಹತ್ರ ಹೋಗಿದ್ರಂತೆ." ಅವಳ ದನಿಯಲ್ಲಿ ಹೆದರಿಕೆ ಇತ್ತು. ನಾನು ಕಾರವಾರದ ಕೋಡಿಬಾಗದಲ್ಲಿ ಮರೈನ್ ಬಯಾಲಜಿ ಎಂಎಸ್ಸಿ ಮಾಡಿ, ಆಮೇಲೆ ಬೆಂಗಳೂರಲ್ಲಿ ಕಾಸ್ಮೆಟಿಕ್ಸ್ ಮಾಡೋ ಒಂದು ಕಡೆ ಆರು ವರ್ಷ ಕ್ವಾಲಿಟಿ ಕಂಟ್ರೋಲ್ ಕೆಲಸ ಮಾಡಿ ಈಗ ಊರಿಗೆ ಬಂದವಳು, ಹಾಗಾಗಿ ಮನೆಯವರಿಗೆಲ್ಲ ಮುಖಕ್ಕೆ ಹಚ್ಚೋ ಯಾವ ವಿಷಯ ಆದ್ರೂ ನನ್ನ ನೆನಪಾಗ್ತದೆ. ಈ ಜೆಲ್ ಮಾಡೋ ಮುಂಚೆ ಮಾತ್ರ ಯಾರೂ ಕೇಳಿರಲಿಲ್ಲ. ನಾನಾಗೇ ಹೋಗಿ ಕೇಳಬೇಕಿತ್ತು, ಹೋಗಲಿಲ್ಲ. ಅದು ನನಗೆ ಇವತ್ತಿಗೂ ಕೊರೀತದೆ.

ಇದನ್ನ ಪೂರ್ತಿ ಬರೀತಿರೋದು ಯಾಕಂದ್ರೆ ನಮ್ಮ ಕರಾವಳಿಯಲ್ಲಿ ಕಡಲ ಪಾಚಿ ಸೋಪು, ಪಾಚಿ ಕ್ರೀಮು ಅಂತ ಶುರು ಮಾಡ್ಬೇಕು ಅಂತಿರೋ ಸಂಘಗಳು ಈಗ ಸುಮಾರಿವೆ, ಚಿಕ್ಕಮ್ಮನ ಸಂಘ ಎಡವಿದ ಜಾಗದಲ್ಲೇ ಅವರೂ ಎಡವಬಾರದು. ಸಂಘದವರ ಒಪ್ಪಿಗೆ ತಗೊಂಡೇ ಬರೀತಿದೀನಿ, ಹೆಸರು ಯಾರದ್ದೂ ಹಾಕಿಲ್ಲ.

ಸಂಘ ಇರೋದು ಕುಮಟಾ ಗೋಕರ್ಣದ ನಡುವೆ, ಅಘನಾಶಿನಿ ಹೊಳೆ ಕಡಲು ಸೇರೋ ಕಡೆ. ಹನ್ನೊಂದು ಜನ ಹೆಂಗಸರು. ಮುರುಗಲು (ಪುನರ್ಪುಳಿ, ಕೋಕಂ) ಶರಬತ್ತು, ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಇಷ್ಟು ವರ್ಷಗಳಿಂದ ಮಾಡ್ತಾ ಬಂದವರು, ಕೈ ಶುದ್ಧ, ಲೆಕ್ಕ ಶುದ್ಧ. ಒಬ್ಬಳ ಮಗಳು ಫೋನಲ್ಲಿ ವಿಡಿಯೋ ತೋರಿಸಿದಳು, ಬಂಡೆ ಮೇಲೆ ಬೆಳೆಯೋ ಕಂದು ಪಾಚಿಯಿಂದ ಮುಖಕ್ಕೆ ಹಚ್ಚೋ ಜೆಲ್ ಮಾಡೋದು ಹೆಂಗೆ ಅಂತ. ನಮ್ಮ ಬಂಡೆಗಳಲ್ಲಿ ಮಳೆಗಾಲ ಮುಗಿದ ಮೇಲೆ ಅಕ್ಟೋಬರ್ ನವೆಂಬರಿಂದ ಸರ್ಗಾಸಮ್ ಅನ್ನೋ ಕಂದು ಪಾಚಿ ಹುಲುಸಾಗಿ ಬರ್ತದೆ, ಸಣ್ಣ ಸಣ್ಣ ಗಾಳಿ ಗುಳ್ಳೆ ಇರೋದು, ಮಕ್ಕಳು ಅದನ್ನ ಒತ್ತಿ ಪಟ್ ಅನ್ನಿಸ್ತಾ ಆಡೋದು, ನೋಡಿದವರಿಗೆ ಗೊತ್ತಿರ್ತದೆ. ದುಡ್ಡು ಕೊಡದೆ ಸಿಗೋ ಮಾಲು, ಮೇಲಿಂದ ಗೋಕರ್ಣಕ್ಕೆ ಬರೋ ಪ್ರವಾಸಿಗಳು, ಮಾಡೋಣ ಅಂದ್ರು.

ನವೆಂಬರಲ್ಲಿ ಮೊದಲ ಬ್ಯಾಚ್, 60 ಡಬ್ಬಿ. ಹೆಚ್ಚಿನದು ಹೋಮ್‌ಸ್ಟೇಯವರು ತಗೊಂಡು ಫ್ರಿಜ್ಜಲ್ಲಿಟ್ಟು ಅತಿಥಿಗಳಿಗೆ ಕೊಟ್ರು, ಎರಡು ವಾರದಲ್ಲಿ ಖಾಲಿ, ಒಂದು ದೂರೂ ಇಲ್ಲ. ಇದೇ ಅವರಿಗೆ ಧೈರ್ಯ ಕೊಟ್ಟಿದ್ದು. ಎರಡನೇ ಬ್ಯಾಚ್ ಮಾರ್ಚಲ್ಲಿ, ಎರಡು ವರ್ಷಕ್ಕೊಮ್ಮೆ ಬರೋ ಶಿರಸಿ ಮಾರಿಜಾತ್ರೆಗೆ ಅಂತಲೇ 120 ಡಬ್ಬಿ. ಜಾತ್ರೆಲಿ ಚೆನ್ನಾಗೇ ಹೋಯ್ತು. ಮೇ ಕೊನೇಲಿ ಒಬ್ರು ವಾಸನೆ ಬರ್ತದೆ ಅಂದ್ರು, ಸಮುದ್ರದ್ದಲ್ವಾ ಹಾಗೇ ಬರ್ತದೆ ಅಂತ ಇವರು ಸಮಾಧಾನ ಹೇಳಿದ್ರು. ಜೂನಲ್ಲಿ ಈ ಹುಡುಗಿಯ ಫೋನು.

ಅವತ್ತೇ ಹೋದೆ. ಮಾರಾಟ ಆಗದೆ ಉಳಿದ ಹದಿನಾಲ್ಕು ಡಬ್ಬಿ ಅಡುಗೆಮನೆ ಕಪಾಟಲ್ಲಿತ್ತು. ಮೊದಲನೆಯದು ತೆಗೆದಾಗ ಮುಚ್ಚಳ ಟಪ್ ಅಂತು, ಒಳಗೆ ಗಾಳಿ ತುಂಬಿಕೊಂಡಿತ್ತು. ಎರಡನೆಯದರಲ್ಲಿ ಅಂಚಿಗೆ ಬಿಳಿ ಬೂಷ್ಟು. ಮೂರನೆಯದು ನೋಡೋಕೆ ಸರಿ ಇತ್ತು, ಚಮಚ ಹಾಕಿದ್ರೆ ಜೆಲ್ಲೇ ಇಲ್ಲ, ಗಂಜಿ ತಿಳಿ ಥರ ನೀರಾಗಿತ್ತು. ಮಂದವಾಗಿದ್ದ ಜೆಲ್ ಹೀಗೆ ತೆಳ್ಳಗಾದ್ರೆ ಒಳಗೆ ಯಾವುದೋ ಜೀವಿ ಅದನ್ನ ತಿಂದು ತುಂಡು ಮಾಡಿದೆ ಅಂತ ಅರ್ಥ. ಚಿಕ್ಕಮ್ಮ ಮಾತಾಡ್ಲಿಲ್ಲ, ಸೆರಗಿಂದ ಮೂಗು ಮುಚ್ಚಿಕೊಂಡು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು.

ಏನೇನು ಹಾಕಿದ್ರಿ, ಒಂದೊಂದಾಗಿ ಹೇಳಿ ಅಂದೆ. ಒಣಗಿದ ಪಾಚಿ ರಾತ್ರಿ ನೆನೆಸಿ, ಬಾವಿ ನೀರಲ್ಲಿ ಸ್ವಲ್ಪ ವಾಷಿಂಗ್ ಸೋಡಾ ಹಾಕಿ ಕುದಿಸೋದು, ಅದು ಕರಗಿ ಲೋಳೆ ಲೋಳೆ ಆದ ಮೇಲೆ ಬಟ್ಟೇಲಿ ಸೋಸೋದು. ಆಮೇಲೆ ಗ್ಲಿಸರಿನ್, ವಿಟಮಿನ್ ಇ ಕ್ಯಾಪ್ಸೂಲ್, ವಾಸನೆ ಮುಚ್ಚಲಿಕ್ಕೆ ಮಜ್ಜಿಗೆಹುಲ್ಲಿನ ಎಣ್ಣೆ. ಎರಡನೇ ಬ್ಯಾಚ್ ಜಾಸ್ತಿ ದಿನ ಇರ್ಬೇಕು ಅಂತ ಸೋಡಿಯಂ ಬೆಂಜೊಯೇಟ್, ಶರಬತ್ತು ಕೆಡದ ಹಾಗೆ ಹಾಕೋ ಬಿಳಿ ಪುಡಿ.

ಸೋಡಾ ಹಾಕಿ ಕುದಿಸೋದು ತಪ್ಪು ವಿಧಾನ ಅಲ್ಲ, ಇದನ್ನ ಅವರಿಗೂ ಹೇಳಿದೆ. ಕಂದು ಪಾಚಿಯ ಗೋಡೇಲಿರೋ ಆಲ್ಜಿನೇಟ್ ಅನ್ನೋ ಪದಾರ್ಥ ಕ್ಯಾಲ್ಸಿಯಂ ಜೊತೆ ಕಟ್ಟಿಕೊಂಡು ಗಟ್ಟಿಯಾಗಿರ್ತದೆ, ಸೋಡಾ ಆ ಕ್ಯಾಲ್ಸಿಯಮ್ಮನ್ನ ಬಿಡಿಸಿ ಸೋಡಿಯಂ ಕೂರಿಸ್ತದೆ, ಆಗ ನೀರಲ್ಲಿ ಕರಗಿ ಲೋಳೆ ಆಗ್ತದೆ. 1880ರ ದಶಕದಲ್ಲಿ ಸ್ಟ್ಯಾನ್‌ಫೋರ್ಡ್ ಅನ್ನೋ ರಸಾಯನ ಶಾಸ್ತ್ರಜ್ಞ ಸ್ಕಾಟ್ಲೆಂಡ್ ಕಡೆಯ ಪಾಚಿಯಿಂದ ಇದನ್ನ ಮೊದಲು ತೆಗೆದಿದ್ದೂ ಸೋಡಾ ಹಾಕಿಯೇ. ಹಲ್ಲಿನ ಡಾಕ್ಟ್ರು ಅಚ್ಚು ತೆಗೀಲಿಕ್ಕೆ ಬಾಯಿಗೆ ತುಂಬ್ತಾರಲ್ಲ ಆ ಪುಡಿ, ಐಸ್‌ಕ್ರೀಮ್ ಗಟ್ಟಿ ನಿಲ್ಲಲಿಕ್ಕೆ ಹಾಕೋದು, ಎಲ್ಲ ಇದೇ ಆಲ್ಜಿನೇಟ್. ನಮ್ಮ ಹೆಂಗಸರು ಬಾಣಲೆ ಒಂದನ್ನ ಇಟ್ಕೊಂಡು ಅದನ್ನ ತೆಗೆದಿದ್ರು, ನನಗೆ ನಿಜವಾಗ್ಲೂ ಹೆಮ್ಮೆ ಆಯ್ತು.

ತೊಂದರೆ ಇದ್ದಿದ್ದು ಬೆಂಜೊಯೇಟಲ್ಲಿ. "ಅದು ಯಾಕೆ ಹಾಕಿದ್ರಿ?" ಅಂದೆ. "ಮುರುಗಲಿಗೆ ಹಾಕ್ತೇವಲ್ಲ, ವರ್ಷ ಇಟ್ರೂ ಎಂತ ಆಗೂದಿಲ್ಲ. ಅದೇ ಅಳತೆ ಹಾಕಿದ್ದು" ಅಂದಳು ಚಿಕ್ಕಮ್ಮ. ಆಗಲೇ ನನಗೆ ಅರ್ಥ ಆಯ್ತು, ಇದು ಹೆಂಗೆ ತಿಳಿಸಿ ಹೇಳೋದು ಅಂತ ಒಂದು ನಿಮಿಷ ಯೋಚನೆ ಮಾಡಿದೆ.

ಹುಳಿ, ಕ್ಷಾರ ಎಷ್ಟು ಅಂತ ಅಳೆಯೋ ಪಿಎಚ್ ಪೇಪರ್ ನನ್ನ ಬ್ಯಾಗಲ್ಲಿತ್ತು, ಆದ್ರೆ ಅದಕ್ಕಿಂತ ಮೊದಲು ಅಡುಗೆಮನೆಯ ಅರಿಶಿನ ಕೇಳಿದೆ. ಅರಿಶಿನ ನೀರಲ್ಲಿ ಕಲಸಿ ಎರಡು ಬಟ್ಟಲಿಗೆ ಹಾಕಿ, ಒಂದಕ್ಕೆ ಮುರುಗಲು ರಸ ಬಿಟ್ಟೆ, ಇನ್ನೊಂದಕ್ಕೆ ಅವರ ಜೆಲ್ ಒಂದು ಚಮಚ. ಮುರುಗಲಿನ ಬಟ್ಟಲಲ್ಲಿ ಬರೀ ಮುರುಗಲಿನದೇ ಬಣ್ಣ. ಜೆಲ್ ಬಿದ್ದ ಬಟ್ಟಲು ನೋಡ್ತಿದ್ದ ಹಾಗೇ ಕೆಂಪಾಯ್ತು, ಇಟ್ಟಿಗೆ ಕೆಂಪು. "ಓಕುಳಿ ಆಯ್ತಲ್ಲೇ" ಅಂದ್ರು ಒಬ್ರು ಅಕ್ಕ. ಹೌದು, ಆರತಿಗೆ ಅರಿಶಿನಕ್ಕೆ ಸುಣ್ಣ ಹಾಕಿ ಓಕುಳಿ ಮಾಡ್ತೀವಲ್ಲ, ಅದೇ ಕೆಲಸ ಇಲ್ಲೂ ಆಗಿದ್ದು. ಸುಣ್ಣ, ಸೋಡಾ ಎರಡೂ ಕ್ಷಾರ. ಮುರುಗಲು ಹುಳಿ. ಆಮೇಲೆ ಪೇಪರ್ ಅದ್ದಿದೆ, ಜೆಲ್ಲಿನ ಪಿಎಚ್ 9 ತೋರಿಸ್ತು (7ಕ್ಕಿಂತ ಕಮ್ಮಿ ಇದ್ರೆ ಹುಳಿ, ಜಾಸ್ತಿ ಇದ್ರೆ ಕ್ಷಾರ).

ಬೆಂಜೊಯೇಟ್ ಕೆಲಸ ಮಾಡೋದು ಹುಳಿಯಲ್ಲಿ ಮಾತ್ರ. ಹುಳಿ ಸೇರಿದಾಗ ಅದು ಬೆಂಜೋಯಿಕ್ ಆಸಿಡ್ ಆಗ್ತದೆ, ಆ ರೂಪದಲ್ಲಿದ್ರೆ ಮಾತ್ರ ಬೂಷ್ಟಿನ, ಬ್ಯಾಕ್ಟೀರಿಯಾದ ಗೋಡೆ ದಾಟಿ ಒಳಗೆ ಹೋಗಿ ಅದನ್ನ ತಡೀತದೆ. ಪಿಎಚ್ 4.2 ಇದ್ರೆ ಹಾಕಿದ್ದರಲ್ಲಿ ಅರ್ಧ ಈ ರೂಪದಲ್ಲಿ ಇರ್ತದೆ. 5.2ಕ್ಕೆ ಹತ್ತರಲ್ಲಿ ಒಂದು ಪಾಲೂ ಇಲ್ಲ. 9ಕ್ಕೆ ಹೋದ್ರೆ ಅರವತ್ತು ಸಾವಿರಕ್ಕೆ ಒಂದು ಪಾಲು, ಅಂದ್ರೆ ಹಾಕಿದ್ರೂ ಒಂದೇ ಬಿಟ್ರೂ ಒಂದೇ. ಅದೇ ಡಬ್ಬಿ, ಅದೇ ಬಿಳಿ ಪುಡಿ, ಅದೇ ಚಮಚ, ಮುರುಗಲಲ್ಲಿ ವರ್ಷ ಕಾಯ್ತು, ಪಾಚಿಯಲ್ಲಿ ಒಂದು ದಿನವೂ ಕಾಯಲಿಲ್ಲ. ಅನುಭವಸ್ಥರು, ತಮ್ಮ ಕೈಯಲ್ಲಿ ಇಪ್ಪತ್ತು ವರ್ಷ ಸರಿ ಹೋದ ಅಳತೆ ನಂಬಿದವರು. ಅವರನ್ನ ಅಜಾಗರೂಕರು ಅಂತ ಯಾರಾದ್ರೂ ಅಂದ್ರೆ ನಾನು ಒಪ್ಪೋದಿಲ್ಲ.

ವಿಟಮಿನ್ ಇ ಹಾಕಿದ್ರೆ ಕೆಡೋದಿಲ್ಲ ಅಂತ ವಿಡಿಯೋದಲ್ಲಿ ಹೇಳಿದ್ದರಂತೆ. ಅದು ಎಣ್ಣೆ ಕಮಟು ಆಗೋದನ್ನ ನಿಧಾನ ಮಾಡ್ತದೆ ಅಷ್ಟೇ, ಬೂಷ್ಟಿಗೂ ಅದಕ್ಕೂ ಸಂಬಂಧ ಇಲ್ಲ. ಇದೊಂದು ತಪ್ಪು ಎಷ್ಟು ಕಡೆ ಹರಡಿದೆ ಅಂದ್ರೆ ನನಗೆ ಸಿಟ್ಟು ಬರ್ತದೆ.

ನೀರಿನ ಕಥೆ ಬೇರೆ. ಬಾವಿ ಕಡಲಿಗೆ ಹತ್ರ, ನೀರು ಸ್ವಲ್ಪ ಸವಳು, ಗಡಸು. ಗಡಸು ನೀರಲ್ಲಿ ಕ್ಯಾಲ್ಸಿಯಂ ಇರ್ತದೆ, ಸೋಡಾ ಕಷ್ಟಪಟ್ಟು ಬಿಡಿಸಿದ ಕ್ಯಾಲ್ಸಿಯಮ್ಮನ್ನ ಆಮೇಲೆ ತೆಳ್ಳಗೆ ಮಾಡಲಿಕ್ಕೆ ಹಾಕಿದ ಬಾವಿ ನೀರು ಮತ್ತೆ ತಂದು ಸೇರಿಸ್ತದೆ, ಅದಕ್ಕೇ ಅವರ ಜೆಲ್ಲಲ್ಲಿ ಅಲ್ಲಲ್ಲಿ ಉಂಡೆ ಉಂಡೆ ಇತ್ತು. ಅದು ಪಾಚಿಯ ಸತ್ವ ಅಂತ ಅವರು ಅಂದುಕೊಂಡಿದ್ರು, ಗಿರಾಕಿಗೂ ಹಾಗೇ ಹೇಳಿದ್ರು. ಇದಲ್ಲದೆ ಆ ತೆಳ್ಳಗೆ ಮಾಡೋ ನೀರನ್ನ ಕುದಿಸಿರಲಿಲ್ಲ. ಡಬ್ಬಿ ತೊಳೆದು ಬಟ್ಟೆ ಮೇಲೆ ಬೋರಲು ಹಾಕಿದ್ದು, ಒಳಗೆ ಹನಿ ನೀರು ಉಳಿದದ್ದು, ಬಿಸಿ ಜೆಲ್ ತುಂಬಿ ತಕ್ಷಣ ಮುಚ್ಚಿ ಮುಚ್ಚಳದ ಅಡಿ ಬೆವರು ಕೂತದ್ದು, ಆಮೇಲೆ ತಗೊಂಡವರು ಸ್ನಾನದ ಮನೇಲಿಟ್ಟು ಒದ್ದೆ ಬೆರಳು ಅದ್ದಿದ್ದು. ಬೂಷ್ಟು ಬರಲಿಕ್ಕೆ ಇಷ್ಟು ದಾರಿ. ಮೊದಲ ಬ್ಯಾಚಿನ ರೆಸಿಪಿ ಒಳ್ಳೇದಿತ್ತು ಅಂತಲ್ಲ, ಫ್ರಿಜ್ಜು ಮತ್ತೆ ಎರಡೇ ವಾರ ಅದನ್ನ ಉಳಿಸಿದ್ವು.

ಮುಚ್ಚಳ ತೆಗೀದೆ ಇದ್ದ ಎರಡು ಡಬ್ಬಿ ಲ್ಯಾಬಿಗೆ ಕಳಿಸಿದ್ವಿ. ಐಎಸ್ಒ 17516 ಅನ್ನೋ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಇಂಥ ಪದಾರ್ಥದ ಒಂದು ಗ್ರಾಮಲ್ಲಿ ಸೂಕ್ಷ್ಮಜೀವಿ 1000 ದಾಟಬಾರದು, ಕಣ್ಣಿನ ಸುತ್ತ ಹಚ್ಚೋದಾದ್ರೆ, ಮೂರು ವರ್ಷದೊಳಗಿನ ಮಕ್ಕಳದ್ದಾದ್ರೆ 100. ನಮ್ಮದು ಎಣಿಸಲಿಕ್ಕೆ ಆಗದಷ್ಟು ಅಂತ ಬರೆದು ಕಳಿಸಿದ್ರು. ಆ ಕಾಗದ ಚಿಕ್ಕಮ್ಮನ ಮನೆ ದೇವರ ಗೂಡಿನ ಪಕ್ಕ ಇನ್ನೂ ಇದೆ.

ಹುಡುಗಿಯ ವಿಷಯ. ಡಾಕ್ಟ್ರು ಕಾಂಟ್ಯಾಕ್ಟ್ ಡರ್ಮಟೈಟಿಸ್, ಅಂದ್ರೆ ಹಚ್ಚಿದ್ದು ತಾಗಿ ಚರ್ಮ ಕೆರಳಿದ್ದು ಅಂತ ಬರೆದಿದ್ರು, ಹಚ್ಚೋದು ನಿಲ್ಲಿಸಿ ಮುಲಾಮು ಕೊಟ್ರು, ಹತ್ತು ದಿನದಲ್ಲಿ ಇಳೀತು, ಕಲೆ ಉಳೀಲಿಲ್ಲ, ದೇವರು ದೊಡ್ಡವನು. ಚರ್ಮದ ಮೇಲ್ಮೈ ಸಹಜವಾಗಿ ಸ್ವಲ್ಪ ಹುಳಿ, ಪಿಎಚ್ 5ರ ಆಸುಪಾಸು. ಅಲ್ಲಿ 9 ಇರೋ ಜೆಲ್ ಹಚ್ಚಿ ತೊಳೀದೆ ರಾತ್ರಿಯೆಲ್ಲ ಬಿಟ್ರೆ ಚರ್ಮ ಒಣಗಿ ಉರೀತದೆ. ಅದರ ಮೇಲೆ ಮಜ್ಜಿಗೆಹುಲ್ಲಿನ ಎಣ್ಣೆ, ಅದರಲ್ಲಿರೋ ಸಿಟ್ರಾಲ್ ಕೆಲವರಿಗೆ ಅಲರ್ಜಿ ತರೋದು ಗೊತ್ತಿರೋ ವಿಷಯ, ಇವರು ಹನಿ ಲೆಕ್ಕ ಇಡದೆ ವಾಸನೆ ಹೋಗೋವರೆಗೂ ಹಾಕಿದ್ರು. ಅದರ ಮೇಲೆ ಕೆಟ್ಟ ಮಾಲು. ಪಾಚಿ ಪಾಪ ಏನೂ ಮಾಡಿರಲಿಲ್ಲ.

ಆದ್ರೆ ಪಾಚಿ ತಂದ ಜಾಗದ ಬಗ್ಗೆ ಕೇಳಿದಾಗ ಇನ್ನೊಂದು ಹೊರಬಂತು. ಮೊದಲ ಬ್ಯಾಚ್ ಗುಡ್ಡದ ಕೆಳಗಿನ ಬಂಡೆಯದು. ಎರಡನೆಯದಕ್ಕೆ ಜಾತ್ರೆ ಅವಸರ, ಬಂಡೆವರೆಗೆ ಹೋಗಲಿಕ್ಕೆ ಇಳಿತ ಹೊಂದಿ ಬರಲಿಲ್ಲ, ಬೋಟ್ ನಿಲ್ಲೋ ಜೆಟ್ಟಿ ಪಕ್ಕದ ಕಲ್ಲಿಂದ ಕಿತ್ತು ತಂದ್ರು. ಇದು ನನಗೆ ಬೂಷ್ಟಿಗಿಂತ ಜಾಸ್ತಿ ಹೆದರಿಕೆ ಹುಟ್ಟಿಸಿದ್ದು. ಕಂದು ಪಾಚಿಯ ಆಲ್ಜಿನೇಟ್ ಕ್ಯಾಲ್ಸಿಯಮ್ಮನ್ನ ಹಿಡಿಯೋ ಹಾಗೇ ಸೀಸ, ಕ್ಯಾಡ್ಮಿಯಂ, ತಾಮ್ರವನ್ನೂ ಹಿಡಿದಿಟ್ಟುಕೊಳ್ತದೆ, ಕಲುಷಿತ ನೀರಿಂದ ಲೋಹ ಹೀರಿ ತೆಗೀಲಿಕ್ಕೆ ಈ ಪಾಚಿ ಬಳಸಬಹುದು ಅಂತ ನಾವು ಓದಿದ್ದೇ ಇದ್ದದ್ದು. ಬೋಟಿನ ಅಡಿಗೆ ಚಿಪ್ಪು ಹತ್ತದ ಹಾಗೆ ಬಳಿಯೋ ಪೇಂಟಲ್ಲಿ ತಾಮ್ರ ಇರ್ತದೆ, ಮೇಲೆ ಡೀಸೆಲ್ ತೇಲ್ತಿರ್ತದೆ. ಸರ್ಗಾಸಮ್ ಜಾತಿ ಆರ್ಸೆನಿಕ್ ಕೂಡಿಹಾಕೋದಕ್ಕೂ ಹೆಸರಾದದ್ದು. ಕಣ್ಣಿಗೆ ಕಾಣೋದಿಲ್ಲ, ತೊಳೆದ್ರೂ ಕುದಿಸಿದ್ರೂ ಪೂರ್ತಿ ಹೋಗ್ತದೆ ಅಂತ ನಂಬೋ ಹಾಗಿಲ್ಲ. ಹಾಗಾಗಿ ಪಾಚಿ ಎಲ್ಲಿಂದ ತಂದದ್ದು ಅನ್ನೋದು ಡಬ್ಬಿ ಮೇಲೆ ಬರೀದಿದ್ರೂ ಪುಸ್ತಕದಲ್ಲಿ ತಾರೀಕು ಸಮೇತ ಬರೆದಿರಬೇಕು, ಪ್ರತಿ ಲಾಟಿಂದ ಸ್ವಲ್ಪ ಲೋಹದ ಪರೀಕ್ಷೆಗೆ ಹೋಗಬೇಕು. ಖರ್ಚು ಜಾಸ್ತಿನೇ. ಆ ಖರ್ಚು ಕೊಡಲಿಕ್ಕೆ ಆಗೋದಿಲ್ಲ ಅಂದ್ರೆ ಪಾಚಿ ಮುಟ್ಟಲೇಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಕೀಳೋದರ ಬಗ್ಗೆಯೂ ಹೇಳ್ಲೇಬೇಕು. ಇವರು ಬುಡ ಸಮೇತ ಕಿತ್ತಿದ್ರು. ಪಾಚಿ ಬಂಡೆಗೆ ಕಚ್ಚಿಕೊಂಡಿರೋ ಬುಡ ಉಳಿದ್ರೆ ಮತ್ತೆ ಚಿಗುರ್ತದೆ, ಬುಡ ಹೋದ್ರೆ ಆ ಜಾಗ ಬೋಳು. ಕತ್ತಿ ಅಥವಾ ಕತ್ತರಿಯಲ್ಲಿ ಬುಡದಿಂದ ಒಂದು ಗೇಣು ಬಿಟ್ಟು ಕೊಯ್ಯಬೇಕು, ಒಂದು ಕಲ್ಲಿನದೆಲ್ಲ ಕೊಯ್ಯಬಾರದು. ಆ ಪಾಚಿ ಒಳಗೆ ಮರಿ ಮೀನು, ಸಿಗಡಿ ಮರಿ, ಸಣ್ಣ ಶಂಖದ ಹುಳ ಎಲ್ಲ ಅಡಗಿರ್ತವೆ. ಹೊಳೆ ಬಾಯಲ್ಲಿ ಚಿಪ್ಪಿ ಆಯ್ದು ಬದುಕಿದ ಮನೆಯ ಹೆಂಗಸರು ಅವರು, ಮರಿ ಇದ್ರೆ ಬಿಟ್ಟು ಬರೋದು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಪಾಚಿಯನ್ನ ಕಸ ಅಂತ ನೋಡಿದ್ದರಿಂದ ಹಾಗಾಯ್ತು.

ಲೇಬಲ್. ಇದನ್ನ ಓದಿದಾಗ ನಾನು ಸ್ವಲ್ಪ ಗಟ್ಟಿಯಾಗೇ ಮಾತಾಡಿದೆ. "ಚರ್ಮದ ಆಳಕ್ಕೆ ಇಳಿದು ಕೊಲಾಜೆನ್ ಹೆಚ್ಚಿಸುತ್ತದೆ, ಹತ್ತು ದಿನದಲ್ಲಿ ಸುಕ್ಕು ಮಾಯ" ಅಂತ ಪ್ರಿಂಟ್ ಹಾಕಿಸಿದ್ರು (ಕೊಲಾಜೆನ್ ಅಂದ್ರೆ ಚರ್ಮವನ್ನ ಬಿಗಿಯಾಗಿ ಹಿಡಿದಿಡೋ ಪ್ರೊಟೀನ್), ಪ್ರಿಂಟಿಂಗ್ ಅಂಗಡಿಯ ಹುಡುಗನೇ ಬರೆದುಕೊಟ್ಟದ್ದಂತೆ. ಚರ್ಮ ಸುಲಭಕ್ಕೆ ಒಳಗೆ ಬಿಡೋದಿಲ್ಲ. ಸುಮಾರು 500 ಡಾಲ್ಟನ್‌ಗಿಂತ (ಡಾಲ್ಟನ್ ಅಂದ್ರೆ ಅಣುವಿನ ತೂಕದ ಅಳತೆ) ದೊಡ್ಡ ಅಣು ಸರಿಯಾದ ಚರ್ಮ ದಾಟೋದು ಕಷ್ಟ ಅನ್ನೋದು ಈ ಕೆಲಸದವರೆಲ್ಲ ಇಟ್ಕೊಂಡಿರೋ ಲೆಕ್ಕ. ಆಲ್ಜಿನೇಟಿನ ಅಣು ಹತ್ತಾರು ಸಾವಿರ, ಲಕ್ಷದ ಲೆಕ್ಕದಲ್ಲಿ ಇರ್ತದೆ. ಅದು ಮೇಲೇ ಕೂತು ತೆಳ್ಳಗೆ ಪೊರೆ ಥರ ಆಗಿ ನೀರು ಹಿಡಿದಿಡ್ತದೆ, ಮುಖ ತಂಪು ಅನ್ನಿಸ್ತದೆ, ಮೆತ್ತಗಾಗ್ತದೆ. ಇದು ಸುಳ್ಳಲ್ಲ, ಇದೇ ಅದರ ಗುಣ, ಇದನ್ನೇ ಬರೀಬಹುದಿತ್ತಲ್ಲ!

ಈ ನಡುವೆ ಮಾಲು ಮಾರೋ ಏಜೆಂಟ್ ಒಬ್ಬ ಬಂದು ಮರೈನ್ ಕೊಲಾಜೆನ್ ಪುಡಿ ಸೇರಿಸಿ, ರೇಟು ಎರಡು ಪಟ್ಟು ಮಾಡಬಹುದು ಅಂದಿದ್ನಂತೆ. "ನಮ್ಮ ಪೇಟೇಲಿ ಮೀನಿನ ಪೊರೆ, ಚರ್ಮ ರಾಶಿ ಬೀಳ್ತದೆ, ನಾವೇ ಕುದಿಸಿ ತೆಗೆದ್ರೆ ಆಗೂದಿಲ್ವಾ?" ಅಂತ ಕೇಳಿದ್ರು ಒಬ್ರು, ಒಳ್ಳೇ ಪ್ರಶ್ನೆ. ಮೀನಿನ ಚರ್ಮ, ಪೊರೆಯಲ್ಲಿ ಕೊಲಾಜೆನ್ ಇರೋದು ಹೌದು. ಆದ್ರೆ ಅದರ ಅಣು ಸುಮಾರು ಮೂರು ಲಕ್ಷ ಡಾಲ್ಟನ್, ತುಂಡು ಮಾಡಿ ಮಾರೋ ಪುಡಿ ಕೂಡ ಕೆಲವು ಸಾವಿರ. ಹಚ್ಚಿದ್ರೆ ನಮ್ಮ ಚರ್ಮದ ಕೊಲಾಜೆನ್ ಆಗಿಬಿಡೋದಿಲ್ಲ, ಅದೂ ಮೇಲೆ ಕೂತು ತೇವ ಹಿಡೀತದೆ ಅಷ್ಟೇ. ಅದಲ್ಲದೆ ಶಿರಸಿ ಸಿದ್ದಾಪುರದ ಗಿರಾಕಿಗಳು ಜಾತ್ರೇಲೇ ಎಷ್ಟು ಜನ "ಇದರಲ್ಲಿ ಮೀನಿನದ್ದು ಏನೂ ಇಲ್ವಲ್ಲ?" ಅಂತ ಕೇಳಿ ಆಮೇಲೆ ತಗೊಂಡವರು. ಮೀನಿನ ಕೊಲಾಜೆನ್ ಹಾಕಿ ಅವರಿಗೆ ಕೊಡೋದು ಹೆಂಗೆ? ಪಾಚಿ ಆದ್ರೆ ಆ ತೊಂದರೆ ಇಲ್ಲ, ಸಿಹಿ ತಿಂಡಿಗೆ ಹಾಕೋ ಚೈನಾ ಗ್ರಾಸ್ ಕೆಂಪು ಪಾಚಿಯಿಂದಲೇ ಬರೋದು, ಮಡಿ ಅಡುಗೆಯವರ ಮನೇಲೂ ತಿಂತಾರೆ.

ಇನ್ನು ಲೈಸೆನ್ಸ್. ಇರಲಿಲ್ಲ. ಶರಬತ್ತು, ಉಪ್ಪಿನಕಾಯಿಗೆ ಇರೋ ಆಹಾರದ ನೋಂದಣಿ ಇದಕ್ಕೂ ಸಾಕು ಅಂದುಕೊಂಡಿದ್ರು. ಸಾಲೋದಿಲ್ಲ. ಮಾರಲಿಕ್ಕೆ ಅಂತ ಮುಖಕ್ಕೆ ಮೈಗೆ ಹಚ್ಚೋ ಯಾವುದೇ ಪದಾರ್ಥ ಮಾಡಿದ್ರೂ 1940ರ ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ಕಾಯ್ದೆ, 2020ರ ಕಾಸ್ಮೆಟಿಕ್ಸ್ ರೂಲ್ಸ್ ಪ್ರಕಾರ ರಾಜ್ಯದ ಔಷಧ ನಿಯಂತ್ರಣದವರಿಂದ ಲೈಸೆನ್ಸ್ ಬೇಕು, ಮನೇಲಿ ಮಾಡಿದ ಸೋಪಿಗೂ ಬೇಕು. ಅದಕ್ಕೆ ಬೇರೆ ಕೋಣೆ, ತಿಳಿದವರು, ಬ್ಯಾಚ್ ಪುಸ್ತಕ ಎಲ್ಲ ಕೇಳ್ತಾರೆ. ಸ್ವಂತ ಜಾಗ ಮಾಡಲಿಕ್ಕೆ ಆಗದವರು ಲೈಸೆನ್ಸ್ ಇರೋ ಬೇರೆಯವರ ಘಟಕದಲ್ಲಿ ಲೋನ್ ಲೈಸೆನ್ಸ್ ಮೇಲೆ ಮಾಡಿಸಬಹುದು. ಅವತ್ತೇ ಮಾರಾಟ ನಿಲ್ಲಿಸಿದ್ರು, ಇದ್ದ ಡಬ್ಬಿ ಹಿತ್ತಲಲ್ಲಿ ಹೊಂಡ ತೆಗೆದು ಖಾಲಿ ಮಾಡಿದ್ರು, ಫೋನ್ ನಂಬರ್ ಇದ್ದ ಗಿರಾಕಿಗಳಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ ಬಳಸಬೇಡಿ, ದುಡ್ಡು ವಾಪಸ್ ಕೊಡ್ತೀವಿ ಅಂದ್ರು. ನಲವತ್ತೊಂದು ಜನ ಸಿಕ್ಕಿದ್ರು. ಸಿಗದೇ ಇದ್ದವರದ್ದೇ ಅವರಿಗೆ ಚಿಂತೆ.

ಆಮೇಲೆ ಏನು ಮಾಡೋದು ಅಂತ ಕೂತಾಗ ನಾನು ಒಂದೇ ಮಾತು ಹಿಡಿದೆ: ನೀರು ಇರೋ ಮಾಲು ಬೇಡ. ನೀರಿರೋ ಜೆಲ್ಲು, ಕ್ರೀಮು ಸರಿಯಾಗಿ ಮಾಡಬೇಕಂದ್ರೆ ಡಿಸ್ಟಿಲ್ಡ್ ನೀರು ಬೇಕು, ಪಿಎಚ್ 5ಕ್ಕೆ ಇಳಿಸಿ ಹಿಡಿಯಬೇಕು (ತುಂಬಾ ಇಳಿಸಿದ್ರೆ, ಮೂರೂವರೆ ಆಸುಪಾಸು ಬಂದ್ರೆ, ಆಲ್ಜಿನೇಟೇ ಒಡೆದು ಗಸಿ ಕೂರ್ತದೆ), ಫಿನಾಕ್ಸಿಎಥೆನಾಲ್ ಥರದ ಸಂರಕ್ಷಕ ಶೇಕಡಾ 1 ಮೀರದ ಹಾಗೆ ಹಾಕಬೇಕು, ಬೇಕಂತಲೇ ಸೂಕ್ಷ್ಮಜೀವಿ ಬಿಟ್ಟು ಅದು ಸಾಯ್ತದಾ ಅಂತ ನೋಡೋ ಚಾಲೆಂಜ್ ಟೆಸ್ಟ್ ಮಾಡಿಸಬೇಕು. ಪ್ರಿಸರ್ವೇಟಿವ್ ಇಲ್ಲ ಅಂತ ಹೆಮ್ಮೆಯಿಂದ ಬರ್ಕೊಳ್ಳೋ ನೀರಿನ ಕ್ರೀಮ್ ನೋಡಿದ್ರೆ ನಾನಂತೂ ಮುಟ್ಟೋದಿಲ್ಲ.

ಆಗ ಸಾಣಿಕಟ್ಟೆ ಉಪ್ಪಿನ ಮಾತು ಬಂತು. ಕಡಲಿನದ್ದೇ ಬೇಕು ಅಂದ್ರೆ ಮನೆ ಪಕ್ಕದಲ್ಲೇ ಉಪ್ಪಿನ ಗದ್ದೆ ಇದೆ, ಅಘನಾಶಿನಿ ಹಿನ್ನೀರಿನ ಉಪ್ಪು, ಇನ್ನೊಂದು ಕಡೆ ಮನೆ ಮನೆಲಿ ತೆಂಗಿನ ಎಣ್ಣೆ. ಇವೆರಡೂ ಸೋಪಲ್ಲಿ ಜೋಡಿ. ಬೇರೆ ಹೆಚ್ಚಿನ ಎಣ್ಣೆಗಳ ಸೋಪಿಗೆ ಉಪ್ಪು ಹಾಕಿದ್ರೆ ನೊರೆ ಅಷ್ಟಾಗಿ ಬರೋದಿಲ್ಲ, ತೆಂಗಿನ ಎಣ್ಣೆ ಸೋಪು ಉಪ್ಪು ನೀರಲ್ಲೂ ನೊರೆ ಕೊಡ್ತದೆ, ಹಡಗಿನವರು ಕಡಲ ನೀರಲ್ಲೇ ಮೀಯಲಿಕ್ಕೆ ಇದನ್ನೇ ಬಳಸ್ತಿದ್ರು. ಚೆನ್ನಾಗಿ ಒಣಗಿದ ಸೋಪು ಕ್ಷಾರ, ನೀರು ಕಮ್ಮಿ, ಬೂಷ್ಟು ಹಿಡಿಯೋದಿಲ್ಲ, ಪ್ರಿಸರ್ವೇಟಿವ್ ಬೇಡ. ತೊಳೆದು ಹೋಗೋದರಿಂದ ಜೆಲ್ ಥರ ಮುಖದ ಮೇಲೆ ಉಳಿಯೋದೂ ಇಲ್ಲ.

ಅಳತೆ ನಾನೇ ಕೂರಿಸಿ ಕೊಟ್ಟೆ. ಒಂದು ಕೆಜಿ ತೆಂಗಿನ ಎಣ್ಣೆ ಪೂರ್ತಿ ಸೋಪಾಗಲಿಕ್ಕೆ 183 ಗ್ರಾಂ ಕಾಸ್ಟಿಕ್ ಸೋಡಾ ಬೇಕು, ಆದ್ರೆ ಬರೀ ತೆಂಗಿನ ಎಣ್ಣೆ ಸೋಪು ಚರ್ಮ ಒಣಗಿಸ್ತದೆ, ಅದಕ್ಕೆ ಐದರಲ್ಲೊಂದು ಪಾಲು ಎಣ್ಣೆ ಹಾಗೇ ಉಳಿಯೋ ಹಾಗೆ 146 ಗ್ರಾಂ ಮಾತ್ರ ಹಾಕಿದ್ವಿ. ಡಿಜಿಟಲ್ ತಕ್ಕಡಿ, ಕನ್ನಡಕ, ಗ್ಲೌಸ್ ಇಲ್ಲದೆ ಯಾರೂ ಮುಂದೆ ಬರೋ ಹಾಗಿಲ್ಲ ಅಂದೆ. ಕಾಸ್ಟಿಕ್ ಅನ್ನ ನೀರಿಗೆ ಹಾಕೋದು, ನೀರನ್ನ ಕಾಸ್ಟಿಕ್ಕಿಗೆ ಯಾವತ್ತೂ ಸುರೀಬಾರದು, ಸಿಡೀತದೆ. ಒಬ್ರು ಅಚ್ಚಿಗೆ ಆಗ್ತದೆ ಅಂತ ಅಲ್ಯೂಮಿನಿಯಂ ಇಡ್ಲಿ ತಟ್ಟೆ ತಂದಿದ್ರು, ಓಡಿ ಹೋಗಿ ಕೈಯಿಂದ ಇಸ್ಕೊಂಡೆ. ಕಾಸ್ಟಿಕ್ ಅಲ್ಯೂಮಿನಿಯಮ್ಮನ್ನ ತಿಂದು ಬೆಂಕಿ ಹತ್ತೋ ಗ್ಯಾಸ್ ಬಿಡ್ತದೆ.

ಮೊದಲ ಸಲ ಉಪ್ಪು ಹಾಕಿದ್ದು ಸರಿ ಹೋಗಲಿಲ್ಲ. ಉಪ್ಪು ಬಿದ್ದ ಸೋಪು ಬೇಗ ಕಲ್ಲಾಗ್ತದೆ, ನಾವು ಮಾಮೂಲಿ ಸೋಪಿನ ಹಾಗೆ ಮರುದಿನ ಕೊಯ್ಯೋಣ ಅಂತ ಬಿಟ್ವಿ, ಕತ್ತಿ ಇಟ್ರೆ ಬೆಲ್ಲದ ಹಾಗೆ ಪುಡಿ ಪುಡಿ. ಗೆರಟೆಯಲ್ಲಿ ಹಾಕಿ ನೋಡಿದ್ರು, ಬಿಡಿಸಿಕೊಳ್ಳಲೇ ಇಲ್ಲ. ಕೊನೆಗೆ ಒಂದೊಂದೇ ಸೋಪಿನ ಸಿಲಿಕಾನ್ ಅಚ್ಚು ತರಿಸಿದ್ವಿ. ಆಮೇಲೆ ಉಪ್ಪಿನ ಹರಳು ಚೂಪು, ಮೈಗೆ ಗೀರ್ತದೆ, ಮಿಕ್ಸಿಯಲ್ಲಿ ನುಣ್ಣಗೆ ಮಾಡಿಕೊಂಡ್ರು. ಅದಕ್ಕೂ ನೊರೆ ಸಾಲದೆ ಬಂದಾಗ ದಾರಿ ತೋರಿಸಿದ್ದು ಚಿಕ್ಕಮ್ಮನೇ. "ಹೊಸ ಉಪ್ಪು ಬೇಡ, ಹಳೇದು ತಗೊಳ್ಳಿ, ಹೊಸದು ಭರಣಿಲಿ ನೀರು ಬಿಡ್ತದೆ" ಅಂದಳು. ಅವಳು ಹೇಳಿದ್ದರ ಹಿಂದೆ ಇರೋದು ಮೆಗ್ನೀಷಿಯಂ ಕ್ಲೋರೈಡ್. ಅದೇ ಗಾಳಿಯ ತೇವ ಎಳೆದು ಉಪ್ಪನ್ನ ಒದ್ದೆ ಮಾಡೋದು, ಅದೇ ಸೋಪಿನ ಜೊತೆ ಸೇರಿ ಕರಗದ ಜಿಡ್ಡು ಮಾಡಿ ನೊರೆ ಕೊಲ್ಲೋದು. ರಾಶಿ ಹಾಕಿ ಬಿಟ್ಟ ಹಳೇ ಉಪ್ಪಿಂದ ಅದು ಸೋರಿ ಹೋಗಿರ್ತದೆ. ಹಳೇ ಉಪ್ಪಲ್ಲಿ ಮಾಡಿದ ಸೋಪು ನೊರೆ ಬಂದಾಗ ಎಲ್ಲರ ಮುಖ ನೋಡಬೇಕಿತ್ತು, ಜೂನಿಂದ ಆಚೆಗೆ ಅವರು ನಕ್ಕಿದ್ದು ಅವತ್ತೇ.

ಹಾಗಂತ ಇದೂ ತೊಂದರೆ ಇಲ್ಲದ್ದಲ್ಲ. ಮಳೆಗಾಲದಲ್ಲಿ ಉಪ್ಪಿನ ಸೋಪು ಬೆವರ್ತದೆ, ಹಾಗಾಗಿ ಅಕ್ಟೋಬರಿಂದ ಮೇವರೆಗೆ ಮಾತ್ರ ಮಾಡೋದು, ನಾಲ್ಕರಿಂದ ಆರು ವಾರ ಹಲಗೆ ಮೇಲೆ ಹದ ಆಗಲಿಕ್ಕೆ ಬಿಡೋದು ಅಂತ ತೀರ್ಮಾನ. ಗಾಯ ಇದ್ದವರು, ಒಣ ಚರ್ಮದವರು ಬಳಸೋದು ಬೇಡ ಅಂತ ಕಾಗದದಲ್ಲಿ ಬರೀತಾರೆ. ಪಾಚಿಯನ್ನ ಪೂರ್ತಿ ಬಿಟ್ಟಿಲ್ಲ, ನೆರಳಲ್ಲಿ ಹಳೇ ಬಲೆ ಮೇಲೆ ಒಣಗಿಸಿದ ಒಂದು ಲಾಟಿನ ಪುಡಿ ಲೋಹದ ಪರೀಕ್ಷೆಗೆ ಹೋಗಿದೆ, ಈ ಸಲ ಗುಡ್ಡದ ಕೆಳಗಿನ ಬಂಡೆಯದ್ದು, ಬುಡ ಬಿಟ್ಟು ಕೊಯ್ದದ್ದು. ರಿಪೋರ್ಟ್ ಸರಿ ಬಂದ್ರೆ ಒಣ ಪ್ಯಾಕ್, ಹಚ್ಚೋರು ಅವತ್ತಿನದ್ದು ಅವತ್ತೇ ಕಲಸಿಕೊಳ್ಳೋದು. ಸರಿ ಬರದಿದ್ರೆ ಇಲ್ಲ. ಲೈಸೆನ್ಸಿಗೆ ಕೋಣೆ ರೆಡಿ ಆಗ್ತಿದೆ, ಅರ್ಜಿಯ ಕಾಗದ ನಾನೇ ನೋಡ್ತಿದೀನಿ.

ನವರಾತ್ರಿ ಮುಗಿದ ಮೇಲೆ ಚಿಕ್ಕಮ್ಮ ನಾನು ಬಸ್ಸಲ್ಲಿ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋದ್ವಿ, ಆ ಹುಡುಗಿ ಮನೆಗೆ. ಡಾಕ್ಟ್ರ ಖರ್ಚಿನ ದುಡ್ಡು ಕವರಲ್ಲಿತ್ತು. ಹುಡುಗಿಯ ಅಮ್ಮ ಮೊದಲು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದ್ರು, ಕೋಪ ಇತ್ತು, ಇರಬೇಕಾದ್ದೇ. ಚಿಕ್ಕಮ್ಮ ಏನೂ ಸಮರ್ಥನೆ ಮಾಡದೆ ಓಕುಳಿ ಕಥೆಯಿಂದ ಹಿಡಿದು ಲ್ಯಾಬ್ ಕಾಗದದವರೆಗೆ ಎಲ್ಲ ಹೇಳಿದಳು, ನಮ್ಮಿಂದ ತಪ್ಪಾಯ್ತು ಅಂದಳು. ಆಮೇಲೆ ಒಳಗೆ ಕರೆದು ಕಷಾಯ ಕೊಟ್ರು. ಹುಡುಗಿ ಬಂದು ಕೂತಳು, ಕೆನ್ನೆ ಮೊದಲಿನ ಹಾಗೇ ಇತ್ತು. ಹೊರಡುವಾಗ ಅವರಮ್ಮ, "ಈಗ ಸೋಪು ಮಾಡ್ತೀರಿ ಅಂದ್ರಲ್ಲ, ಅದು ಒಂದು ತರಲಿಲ್ವ?" ಅಂತ ಕೇಳಿದ್ರು.

"ಬ್ಯಾಗಲ್ಲಿ ಇದೆ, ಆದ್ರೆ ಕೊಡೂದಿಲ್ಲ" ಅಂದಳು ಚಿಕ್ಕಮ್ಮ. "ಲೈಸೆನ್ಸ್ ಬರ್ಲಿ, ಆಗ ನಾನೇ ತಂದು ಕೊಡ್ತೆ. ಆಗಲೂ ಸೀದಾ ಮುಖಕ್ಕೆ ಹಚ್ಚೂದಲ್ಲ, ಮೊದ್ಲು ಮೊಣಕೈ ಒಳಬದಿಗೆ ಹಚ್ಚಿ ತೊಳ್ದು ಎರಡು ದಿನ ನೋಡ್ಬೇಕು ಆಯ್ತಾ."